ಸಮುದ್ರಕ್ಕೆ ಟಿಕೆಟ್ ಕೊಟ್ಟ ರೈಲು

ಇಂಗ್ಲೆಂಡಿನ ಭೂಪಟ ನೋಡಿ. ಆ ದೇಶದ ಯಾವ ಮೂಲೆಯಲ್ಲಿ ನಿಂತರೂ ಸಮುದ್ರ ಸುಮಾರು 70 ಮೈಲಿಗಿಂತ ದೂರ ಇಲ್ಲ. ಆದರೂ ಇನ್ನೂರು ವರ್ಷಗಳ ಹಿಂದೆ ಅಲ್ಲಿನ ಒಬ್ಬ ಗಿರಣಿ ಕಾರ್ಮಿಕ ಸಮುದ್ರ ನೋಡದೇ ಬದುಕಿ, ನೋಡದೇ ಸತ್ತುಹೋಗುತ್ತಿದ್ದ. ಯಾಕೆ? ರಜೆ ಇಲ್ಲ, ಕೈಯಲ್ಲಿ ದುಡ್ಡಿಲ್ಲ, ಹೋಗೋಕೆ ಗಾಡಿ ಇಲ್ಲ. ಜಗತ್ತಿನ ಸಮುದ್ರಗಳನ್ನೆಲ್ಲ ಆಳಿದ ದೇಶದ ಬಡವನಿಗೆ ತನ್ನದೇ ಊರಾಚೆಯ ಸಮುದ್ರ ಕಾಣಲಿಲ್ಲ. ಅವನಿಗೆ ಅದನ್ನು ತೋರಿಸಿದ್ದು ಯಾವ ರಾಜನೂ ಅಲ್ಲ, ಯಾವ ಪಾರ್ಲಿಮೆಂಟ್ ಭಾಷಣವೂ ಅಲ್ಲ. ತೋರಿಸಿದ್ದು ರೈಲು.

ಅದಕ್ಕೂ ಮೊದಲು ಸಮುದ್ರ ಅಂದರೆ ಶ್ರೀಮಂತರ ಔಷಧಿ. ಹೌದು, ಔಷಧಿಯೇ! 1750ರಲ್ಲಿ ಲೂಯಿಸ್ ಎಂಬ ಊರಿನ ವೈದ್ಯ ರಿಚರ್ಡ್ ರಸೆಲ್ ಒಂದು ಗ್ರಂಥ ಬರೆದ. ಗ್ರಂಥಿಗಳ ಕಾಯಿಲೆಗೆ ಸಮುದ್ರದ ನೀರೇ ಮದ್ದು ಅಂತ ಅವನ ವಾದ. ಸ್ನಾನ ಮಾಡಿದರೆ ಸಾಲದು, ಕುಡಿಯಬೇಕು ಅಂದ. ಜನ ಕುಡಿದರು. ಅದಕ್ಕಾಗಿ ಅವರು ಹೋಗುತ್ತಿದ್ದದ್ದು ಹತ್ತಿರದ ಬ್ರೈಟನ್‌ಗೆ. ಮೀನುಗಾರರ ಬಡ ಊರೊಂದು ಹೀಗೆ ದೊಡ್ಡವರ ಆರೋಗ್ಯಧಾಮವಾಯಿತು. 1783ರಲ್ಲಿ ಯುವರಾಜ ಬಂದ. ಮುಂದೆ ನಾಲ್ಕನೇ ಜಾರ್ಜ್ ಆದವನು ಅವನೇ. ಅವನು ಅಲ್ಲಿ ಕಟ್ಟಿಸಿದ ರಾಯಲ್ ಪೆವಿಲಿಯನ್ ಅರಮನೆಯ ಗುಮ್ಮಟಗಳನ್ನು ನೋಡಿದರೆ, ಇದು ಇಂಗ್ಲೆಂಡೋ ಇಂಡಿಯಾವೋ ಅಂತ ಅನುಮಾನ ಬರುತ್ತೆ.

ಅದೇ ಊರಿನಲ್ಲಿ ನಮ್ಮವನೊಬ್ಬ ಹೆಸರು ಮಾಡಿದ. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್. ಬ್ರೈಟನ್‌ನಲ್ಲಿ ಉಗಿಸ್ನಾನ, ಎಣ್ಣೆ ತಿಕ್ಕಾಟದ ಸ್ನಾನಗೃಹ ತೆರೆದು, ರಾಜನಿಗೇ ‘ಶಾಂಪೂಯಿಂಗ್ ಸರ್ಜನ್’ ಅನ್ನಿಸಿಕೊಂಡ. ಇವತ್ತು ನಾವು ಇಂಗ್ಲಿಷ್ ಪದ ಅಂದುಕೊಂಡು ಬಳಸೋ ಶಾಂಪೂ ಇದೆಯಲ್ಲ, ಅದು ಹಿಂದಿಯ ‘ಚಾಂಪೋ’. ಆದರೆ ಅವನ ಗಿರಾಕಿಗಳು ಯಾರು? ರಾಜರು, ಸರದಾರರು, ಲಂಡನ್ನಿನ ಸಿರಿವಂತರು. ಸಾರೋಟು ಹತ್ತಿ ಐದಾರು ಗಂಟೆ ಪ್ರಯಾಣ ಮಾಡಿ ಬರೋ ತಾಕತ್ತು ಇದ್ದವರು ಅವರೇ.

1841ರ ಸೆಪ್ಟೆಂಬರ್ 21. ಲಂಡನ್–ಬ್ರೈಟನ್ ರೈಲು ಮಾರ್ಗ ಪೂರ್ತಿ ತೆರೆಯಿತು. ಐದಾರು ಗಂಟೆಯ ದಾರಿ ಎರಡು ಗಂಟೆಯ ಆಸುಪಾಸಿಗೆ ಇಳಿಯಿತು. ಆದರೆ ಬರೀ ವೇಗದಿಂದ ಬಡವನಿಗೆ ಏನೂ ಸಿಗಲ್ಲ, ದರವೂ ಇಳಿಯಬೇಕು. ಆ ಕಾಲದಲ್ಲಿ ಮೂರನೇ ದರ್ಜೆ ಅಂದರೆ ಎಷ್ಟೋ ಕಡೆ ಮೇಲೆ ಸೂರಿಲ್ಲದ ತೆರೆದ ಡಬ್ಬಿ. ಮಳೆ ಬಂದರೆ ನೆನೆಯಬೇಕು, ಎಂಜಿನ್ ಕಿಡಿ ಹಾರಿದರೆ ಬಟ್ಟೆ ಸುಡಬೇಕು. 1844ರಲ್ಲಿ ಗ್ಲಾಡ್‌ಸ್ಟನ್ ಮುಂದಾಳತ್ವದಲ್ಲಿ ಒಂದು ಕಾಯ್ದೆ ಬಂತು. ದಿನಕ್ಕೆ ಒಂದಾದರೂ ರೈಲು ಓಡಬೇಕು, ಡಬ್ಬಿಗೆ ಸೂರು ಇರಬೇಕು, ಮೈಲಿಗೆ ಒಂದು ಪೆನ್ನಿಗಿಂತ ಹೆಚ್ಚು ದರ ಕೇಳಬಾರದು. ಬಡ ಪ್ರಯಾಣಿಕನೂ ಮನುಷ್ಯ ಅಂತ ಕಾನೂನು ಒಪ್ಪಿಕೊಂಡ ಗಳಿಗೆ ಅದು.

ಅದೇ 1844ರ ಈಸ್ಟರ್ ಸೋಮವಾರ ಲಂಡನ್ನಿನಿಂದ ಬ್ರೈಟನ್‌ಗೆ ಅಗ್ಗದ ವಿಹಾರದ ರೈಲು ಹೊರಟಿತು. ಎಷ್ಟು ಬೋಗಿ ಗೊತ್ತಾ? 45. ಎಳೆಯೋಕೆ ನಾಲ್ಕು ಎಂಜಿನ್. ದಾರಿಯಲ್ಲಿ ಇನ್ನಷ್ಟು ಬೋಗಿ, ಇನ್ನಷ್ಟು ಎಂಜಿನ್ ಸೇರಿಸಿದರು. ತಲುಪೋಕೆ ನಾಲ್ಕೂವರೆ ಗಂಟೆ ಆಯಿತು. ಆದರೂ ಜನ ತುಂಬಿ ತುಳುಕಿದರು. ಈ ಗದ್ದಲ ವಿಕ್ಟೋರಿಯಾ ರಾಣಿಗೆ ಹಿಡಿಸಲಿಲ್ಲ. ಸಮುದ್ರ ಬೇಕು, ಜನ ಬೇಡ! ಆಕೆ ಐಲ್ ಆಫ್ ವೈಟ್ ದ್ವೀಪದಲ್ಲಿ ಬೇರೆ ಮನೆ ಮಾಡಿಕೊಂಡಳು. 1850ರಲ್ಲಿ ಪೆವಿಲಿಯನ್ ಅರಮನೆಯನ್ನು ಬ್ರೈಟನ್ ಊರೇ ಕೊಂಡುಕೊಂಡಿತು. ರಾಣಿ ಹೋದಳು, ಜನ ಬಂದರು.

ಇಂಥ ಅಸಮಾಧಾನ ರಾಣಿಯೊಬ್ಬಳದೇ ಅಲ್ಲ. ಉತ್ತರದ ಸ್ಕಾರ್ಬರೋ ಪಟ್ಟಣದಲ್ಲಿ 1840ರಲ್ಲೇ ಜಾರ್ಜ್ ನೋಲ್ಸ್ ಎಂಬಾತ ರೈಲಿನ ವಿರುದ್ಧ ಕರಪತ್ರ ಹಂಚಿದ್ದ. ಅವನ ವಾದ ಇಷ್ಟೇ: ಖರ್ಚು ಮಾಡೋಕೆ ಕಾಸಿಲ್ಲದ ಅಲೆಮಾರಿಗಳು ನಮ್ಮ ಊರಿಗೆ ಬರೋದು ಬೇಡ. ರೈಲು ಕೇಳಲಿಲ್ಲ. 1845ರಲ್ಲಿ ಬಂದೇ ಬಂತು. ಆಮೇಲೆ ಏನಾಯಿತು? ಯಾರು ಬರಬಾರದು ಅಂದಿದ್ದರೋ ಅವರಿಂದಲೇ ಊರು ಬದುಕಿತು. ಸ್ಕಾರ್ಬರೋ ನಿಲ್ದಾಣದಲ್ಲಿ 1883ರ ಒಂದು ಬೆಂಚು ಇದೆ. ವಾಪಸ್ ಹೋಗೋ ರೈಲಿಗೆ ಕಾಯುವ ಜನ ಕೂರಲಿ ಅಂತ ಹಾಕಿದ್ದು. ಉದ್ದ 139 ಮೀಟರ್! ಜಗತ್ತಿನಲ್ಲೇ ಅತಿ ಉದ್ದದ ರೈಲ್ವೆ ಬೆಂಚು ಅಂತ ಊರಿನವರು ಈಗಲೂ ಹೆಮ್ಮೆಯಿಂದ ಹೇಳಿಕೊಳ್ತಾರೆ.

ಆದರೆ ಈ ಕತೆಯ ನಿಜವಾದ ರಾಜಧಾನಿ ಬ್ಲ್ಯಾಕ್‌ಪೂಲ್. ಅಲ್ಲಿಗೆ ರೈಲು ಬಂದದ್ದು 1846ರಲ್ಲಿ. ಹಿಂದೆಯೇ ಲ್ಯಾಂಕಾಷೈರ್‌ನ ಬಟ್ಟೆ ಗಿರಣಿಗಳು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ನಿಂತಾಗ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಕಣ್ಣು ಹಾಕಿದವು ಇದೇ ಗಿರಣಿಗಳು. ಅಲ್ಲಿ ‘ವೇಕ್ಸ್ ವೀಕ್’ ಅಂತ ಒಂದು ಪದ್ಧತಿ. ಮೂಲದಲ್ಲಿ ಅದು ಚರ್ಚಿನ ಹಬ್ಬ, ನಮ್ಮ ಊರ ಜಾತ್ರೆ ಇದ್ದ ಹಾಗೆ. ಒಂದೊಂದು ಊರಿಗೆ ಒಂದೊಂದು ವಾರ. ಆ ವಾರ ಇಡೀ ಊರಿನ ಗಿರಣಿಗಳು ಬಂದ್. ಬಾಯ್ಲರ್ ತೊಳೆಯೋರು ತೊಳೀತಾರೆ, ಉಳಿದವರೆಲ್ಲ ರೈಲು ಹತ್ತಿ ಸಮುದ್ರಕ್ಕೆ. ಈ ವಾರ ಒಂದು ಊರು, ಮುಂದಿನ ವಾರ ಇನ್ನೊಂದು ಊರು.

ನೆನಪಿಡಿ, ಆ ರಜೆಗೆ ಸಂಬಳ ಇರಲಿಲ್ಲ. ವರ್ಷವಿಡೀ ವಾರಕ್ಕಿಷ್ಟು ಅಂತ ಚೀಟಿ ಕಟ್ಟಿದ ಹಾಗೆ ಕೂಡಿಡುತ್ತಿದ್ದರು. ತಂಗೋ ಮನೆಗೆ ತಮ್ಮದೇ ದಿನಸಿ ಒಯ್ದು ಮನೆಯೊಡತಿಯ ಕೈಲಿ ಅಡುಗೆ ಮಾಡಿಸಿಕೊಳ್ತಿದ್ದರು. ಮೇಜಿನ ಮೇಲಿನ ಉಪ್ಪು–ಮೆಣಸಿನ ಡಬ್ಬಿಗೂ ಬೇರೆ ದುಡ್ಡು ಎತ್ತುತ್ತಿದ್ದ ಮನೆಯೊಡತಿಯರಿದ್ದರು. ಹೀಗೆ ಕಾಸಿಗೆ ಕಾಸು ಕೂಡಿಸಿ ತಂದ ದುಡ್ಡಿನಿಂದಲೇ ಬ್ಲ್ಯಾಕ್‌ಪೂಲ್ ಎದ್ದು ನಿಂತಿತು. 1879ರಲ್ಲಿ ವಿದ್ಯುತ್ ದೀಪ, 1885ರಲ್ಲಿ ವಿದ್ಯುತ್ ಟ್ರಾಮ್, 1894ರಲ್ಲಿ ಐಫೆಲ್ ಗೋಪುರ ನೋಡಿ ಕಟ್ಟಿದ 518 ಅಡಿಯ ಟವರ್. ಸೆಂಟ್ರಲ್ ನಿಲ್ದಾಣದಲ್ಲಿ ಇಳಿದರೆ ಆ ಟವರ್ ಪಕ್ಕದಲ್ಲೇ.

ಕಾನೂನು ನಿಧಾನವಾಗಿ ಹಿಂದೆ ಬಂತು. 1871ರಲ್ಲಿ ಬ್ಯಾಂಕ್ ಹಾಲಿಡೇ ಕಾಯ್ದೆ. ಸಂಬಳ ಸಹಿತ ರಜೆಯ ಕಾಯ್ದೆ ಬರೋಕೆ 1938 ಆಗಬೇಕಾಯಿತು. ಮರುವರ್ಷವೇ ಯುದ್ಧ ಶುರು. ಕಡಲ ತೀರಕ್ಕೆ ಮುಳ್ಳುತಂತಿ ಬಿತ್ತು. ಯುದ್ಧ ಮುಗಿದ ಮೇಲೆ ಜನ ಕಟ್ಟೆಯೊಡೆದ ಹಾಗೆ ಸಮುದ್ರಕ್ಕೆ ನುಗ್ಗಿದರು. ಆ ಹದಿನೈದು ವರ್ಷ ಈ ಊರುಗಳ ಸುವರ್ಣಯುಗ.

ಆಮೇಲೆ ಬಂದವರು ಡಾಕ್ಟರ್ ರಿಚರ್ಡ್ ಬೀಚಿಂಗ್. ಹೆಸರಿನಲ್ಲೇ ಬೀಚ್ ಇತ್ತು, ವರದಿಯಲ್ಲಿ ಮಾತ್ರ ಬೀಚಿಗೆ ಜಾಗ ಇರಲಿಲ್ಲ! ರಾಸಾಯನಿಕ ಕಂಪನಿಯಿಂದ ಅವರನ್ನು ರೈಲ್ವೆಗೆ ಕರೆತಂದರು. ಸಂಬಳ ವರ್ಷಕ್ಕೆ 24,000 ಪೌಂಡ್, ಪ್ರಧಾನಿಗಿಂತ ಹೆಚ್ಚು. ಆಗಿನ ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್ ಯಾರು? ರಸ್ತೆ ಕಟ್ಟುವ ಕಂಪನಿಯ ಸ್ಥಾಪಕರಲ್ಲೊಬ್ಬರು. ಸಚಿವರಾದ ಮೇಲೆ ಷೇರು ಬಿಟ್ಟುಕೊಡಬೇಕಾಯಿತು. 1963ರ ಮಾರ್ಚ್‌ನಲ್ಲಿ ವರದಿ ಬಂತು. 2,300ಕ್ಕೂ ಹೆಚ್ಚು ನಿಲ್ದಾಣ ಮುಚ್ಚಿ, 5,000 ಮೈಲಿ ಮಾರ್ಗ ಕಿತ್ತುಹಾಕಿ.

ಬೀಚಿಂಗ್ ಖಳನಾಯಕ ಅಂತ ಸುಲಭವಾಗಿ ಹೇಳಿಬಿಡಬಹುದು. ಅದು ನ್ಯಾಯವಲ್ಲ. ರೈಲ್ವೆ ನಷ್ಟದಲ್ಲಿದ್ದದ್ದು ನಿಜ. ಮೂರನೇ ಒಂದು ಭಾಗದಷ್ಟು ಮಾರ್ಗದಲ್ಲಿ ಓಡಾಡುತ್ತಿದ್ದವರು ಒಟ್ಟು ಪ್ರಯಾಣಿಕರಲ್ಲಿ ಶೇ. 1ರಷ್ಟು ಮಾತ್ರ. ವರ್ಷಕ್ಕೆ ಹತ್ತು ಸಲ ಕೂಡ ಹೊರತೆಗೆಯದ ಸಾವಿರಾರು ಬೋಗಿಗಳು ಬೇಸಿಗೆ ರಜೆಗಾಗಿ ಸುಮ್ಮನೆ ನಿಂತಿದ್ದವು. ಜನ ಕಾರು ಕೊಳ್ಳುತ್ತಿದ್ದರು, ಬಿಸಿಲು ಹುಡುಕಿಕೊಂಡು ವಿಮಾನದಲ್ಲಿ ಸ್ಪೇನಿಗೆ ಹೊರಟಿದ್ದರು.

ಆದರೆ ಲೆಕ್ಕ ಹಾಕಿದ ರೀತಿ ನೋಡಿ. ಪ್ರಯಾಣಿಕರ ಗಣತಿ ನಡೆದದ್ದು 1961ರ ಏಪ್ರಿಲ್‌ನ ಒಂದು ವಾರದಲ್ಲಿ. ಕಡಲ ಊರಿನ ಸೀಸನ್ ಯಾವಾಗ? ಜುಲೈ, ಆಗಸ್ಟ್. ಸುಗ್ಗಿಗೆ ಮೂರು ತಿಂಗಳು ಮೊದಲೇ ಕಣಕ್ಕೆ ಹೋಗಿ ರಾಶಿ ಎಲ್ಲಿ ಅಂತ ಕೇಳಿದ ಹಾಗಾಯಿತು. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಟಿಕೆಟ್ ಮಾರಿದ ನಿಲ್ದಾಣದ ಖಾತೆಗೆ ಆದಾಯ ಜಮೆ. ಲಂಡನ್ನಿನಲ್ಲಿ ಟಿಕೆಟ್ ಕೊಂಡು ಬ್ಯೂಡ್ ಎಂಬ ಕಡಲ ಊರಿಗೆ ಬಂದರೆ, ದುಡ್ಡು ಲಂಡನ್ನಿನ ಲೆಕ್ಕಕ್ಕೆ. ಬ್ಯೂಡ್ ನಿಲ್ದಾಣಕ್ಕೆ ಸೊನ್ನೆ. ಇಡೀ ಊರೇ ಬಂದು ಇಳಿದರೂ ಕಾಗದದಲ್ಲಿ ಆ ನಿಲ್ದಾಣ ದಂಡದ ನಿಲ್ದಾಣ!

1965ರಲ್ಲಿ ಸ್ಕಾರ್ಬರೋ–ವಿಟ್ಬಿ ಕಡಲ ಮಾರ್ಗ ಹೋಯಿತು. 1966ರಲ್ಲಿ ಬ್ಯೂಡ್, 1967ರಲ್ಲಿ ಪ್ಯಾಡ್‌ಸ್ಟೋ, 1970ರಲ್ಲಿ ಇಲ್ಫ್ರಾಕೂಂಬ್. ಬ್ಲ್ಯಾಕ್‌ಪೂಲ್‌ದು ಇನ್ನೂ ವಿಚಿತ್ರ. ಬೀಚಿಂಗ್ ಮುಚ್ಚಿ ಅಂದದ್ದು ನಾರ್ತ್ ನಿಲ್ದಾಣವನ್ನು. ಬೇಡ, ಸೆಂಟ್ರಲ್ ಮುಚ್ಚಿ ಅಂತ ಊರಿನ ಆಡಳಿತವೇ ಒತ್ತಾಯ ಮಾಡಿತು. ಟವರ್ ಪಕ್ಕದ ಆ ಜಾಗಕ್ಕೆ ಬೆಲೆ ಇತ್ತಲ್ಲ! 1964ರ ನವೆಂಬರ್‌ನಲ್ಲಿ ಸೆಂಟ್ರಲ್ ಮುಚ್ಚಿತು. ಲಕ್ಷ ಲಕ್ಷ ಜನ ಇಳಿದಿದ್ದ ಜಾಗ ಬಹುಪಾಲು ಕಾರ್ ಪಾರ್ಕಿಂಗ್ ಆಯಿತು.

ಈಗ ಆ ಊರುಗಳ ಸ್ಥಿತಿ ಏನು? 2019ರ ಸರ್ಕಾರಿ ಸೂಚ್ಯಂಕದಲ್ಲಿ ಇಂಗ್ಲೆಂಡಿನ ಅತ್ಯಂತ ಹಿಂದುಳಿದ ಹತ್ತು ಬಡಾವಣೆಗಳ ಪೈಕಿ ಎಂಟು ಬ್ಲ್ಯಾಕ್‌ಪೂಲ್‌ನವು. ಮೊದಲನೇ ಸ್ಥಾನದಲ್ಲಿದ್ದ ಜೇವಿಕ್ ಕೂಡ ಕಡಲ ತೀರದ್ದೇ. ಇದಕ್ಕೆಲ್ಲ ರೈಲೊಂದೇ ಕಾರಣ ಅಂತ ನಾನು ಹೇಳಲ್ಲ. ಬ್ಲ್ಯಾಕ್‌ಪೂಲ್‌ಗೆ ಇವತ್ತಿಗೂ ರೈಲಿದೆ. ಆದರೆ ಲಂಡನ್ನಿಗೆ ಒಂದು ಗಂಟೆಯ ದಾರಿಯಲ್ಲಿರುವ ಬ್ರೈಟನ್‌ಗೂ, ಹಳಿ ಕಿತ್ತುಹೋದ ಊರುಗಳಿಗೂ ಇರುವ ವ್ಯತ್ಯಾಸ ಅಲ್ಲಿ ಹೋದ ಯಾರಿಗಾದರೂ ಕಾಣುತ್ತೆ.

ಈ ಲೆಕ್ಕಾಚಾರಕ್ಕೆ ಉತ್ತರ ಕೊಟ್ಟದ್ದು ಸಮುದ್ರವೇ. 2014ರ ಫೆಬ್ರವರಿಯಲ್ಲಿ ಡೆವನ್‌ನ ಡಾಲಿಷ್ ಎಂಬಲ್ಲಿ ಬಿರುಗಾಳಿಗೆ ತಡೆಗೋಡೆ ಒಡೆಯಿತು. ಅಲೆ ಬಂದು ಹಳಿಯ ಕೆಳಗಿನ ನೆಲವನ್ನೇ ಕೊಚ್ಚಿಕೊಂಡು ಹೋಯಿತು. ಹಳಿಗಳು ಗಾಳಿಯಲ್ಲಿ ನೇತಾಡಿದ ಆ ದೃಶ್ಯ ಜಗತ್ತಿನ ಟಿವಿಗಳಲ್ಲೆಲ್ಲ ಓಡಿತು. ಪ್ಲಿಮತ್ ಮತ್ತು ಇಡೀ ಕಾರ್ನ್‌ವಾಲ್‌ಗೆ ಎರಡು ತಿಂಗಳು ಲಂಡನ್ನಿನ ರೈಲು ಸಂಪರ್ಕ ಇಲ್ಲ. ಒಳನಾಡಿನಲ್ಲಿ ಬೇರೆ ದಾರಿ ಇರಲಿಲ್ವಾ? ಇತ್ತು. ಓಕ್‌ಹ್ಯಾಂಪ್ಟನ್, ಟಾವಿಸ್ಟಾಕ್ ಮೂಲಕ ಇತ್ತು. ಆ ಎರಡು ಊರುಗಳ ನಡುವಿನ ಮಾರ್ಗವನ್ನು 1968ರಲ್ಲೇ ಮುಚ್ಚಿದ್ದರು. ಅದು ‘ದಂಡ’ ಅಂತ!

2021ರ ನವೆಂಬರ್‌ನಲ್ಲಿ ಓಕ್‌ಹ್ಯಾಂಪ್ಟನ್‌ವರೆಗೆ ನಿತ್ಯದ ರೈಲು ಮತ್ತೆ ಓಡಿತು, ಸುಮಾರು ಐವತ್ತು ವರ್ಷದ ಮೇಲೆ. ಆದರೆ ಟಾವಿಸ್ಟಾಕ್ ಕಡೆಯ ಹಳಿ ಮಾತ್ರ ಆಗಲೂ ಬರಲಿಲ್ಲ. ಕೀಳೋಕೆ ಒಂದು ವರದಿ ಸಾಕು, ಮತ್ತೆ ಹಾಕೋಕೆ ಅರ್ಧ ಶತಮಾನವೂ ಸಾಲದು.

ವೀಕ್ಷಕರೇ, ಒಂದು ರೈಲು ಲಾಭದಲ್ಲಿದೆಯಾ ನಷ್ಟದಲ್ಲಿದೆಯಾ ಅಂತ ಕೇಳೋದು ತಪ್ಪಲ್ಲ. ತೆರಿಗೆ ದುಡ್ಡು, ಕೇಳಲೇಬೇಕು. ಆದರೆ ಲೆಕ್ಕ ಬರೆದವರು ಯಾರು, ಯಾವ ತಿಂಗಳಲ್ಲಿ ಎಣಿಸಿದರು, ಯಾರ ಖಾತೆಗೆ ಜಮೆ ಮಾಡಿದರು ಅಂತಲೂ ಕೇಳಬೇಕು. ಕಾಸಿಲ್ಲದವರು ಬರಬಾರದು ಅಂತ 1840ರಲ್ಲಿ ಒಬ್ಬ ಕರಪತ್ರ ಹಂಚಿದ, ಅವನ ಮಾತು ನಡೆಯಲಿಲ್ಲ. ನೂರಿಪ್ಪತ್ಮೂರು ವರ್ಷದ ಮೇಲೆ ಅದೇ ಕೆಲಸವನ್ನು ಅಂಕಿ ಅಂಶದ ಕೋಷ್ಟಕವೊಂದು ಸದ್ದಿಲ್ಲದೆ ಮಾಡಿ ಮುಗಿಸಿತು.