'ಇಸ್ಟೇಷನ್' ಎಂದ ಹುಡುಗ ಮತ್ತು ಹಾಬ್ಸನ್-ಜಾಬ್ಸನ್

ಕೆಲ ವರ್ಷಗಳ ಹಿಂದಿನ ಮಾತು. ಬ್ರಹ್ಮಪುರದ ಓಣಿಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಕನ್ನಡ ಪಾಠ ಓದುತ್ತಾ 'ಸ್ಟೇಷನ್' ಎಂಬಲ್ಲಿ 'ಇಸ್ಟೇಷನ್' ಎಂದ. ತರಗತಿಯೆಲ್ಲ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ. ಮರುದಿನದಿಂದ ಆ ಹುಡುಗ ಪಾಠ ಓದಲು ಏಳಲೇ ಇಲ್ಲ. ಉರ್ದುವಿನಲ್ಲಿ ಆ ಪದವನ್ನು ಅಲಿಫ್ ಹಚ್ಚಿ ಹಾಗೆಯೇ ಬರೆಯುವುದೆಂದು ಕಲಿಸುವವನೂ ನಾನೇ! ಮನಸ್ಸಿಗೆ ಕಸಿವಿಸಿಯಾಗಿ, ನಾವೆಲ್ಲ ಅಂಜುವ ಇಂಗ್ಲಿಷಿನ ಇತಿಹಾಸವನ್ನೇ ಸ್ವಲ್ಪ ತಿರುವಿ ನೋಡಿದೆ.

ಅಲ್ಲಿ ಮೊದಲು ಸಿಕ್ಕಿದ್ದು 'ಹಾಬ್ಸನ್-ಜಾಬ್ಸನ್'. ಇದು ಇಬ್ಬರು ಸಾಹೇಬರ ಹೆಸರಲ್ಲ. ಮೊಹರಂ ಮೆರವಣಿಗೆಯಲ್ಲಿ 'ಯಾ ಹಸನ್, ಯಾ ಹುಸೇನ್' ಎಂಬ ಕೂಗು ಕೇಳಿದ ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಅದು ಹೀಗಾಯಿತು. ನಮ್ಮ ಭಾಗದ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರು ಕೂಡಿಯೇ ಅಲಾಯಿ ಕುಣಿಯುತ್ತಾರೆ, ಕನ್ನಡದಲ್ಲಿ ರಿವಾಯತ್ ಪದ ಹಾಡುತ್ತಾರೆ. ಆ ಶೋಕದ ಕೂಗು ಪರದೇಶಿಯ ಕಿವಿಯಲ್ಲಿ ತನ್ನೂರಿನ ಹೆಸರುಗಳಂತೆ ಕೇಳಿಸಿತು. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಎಂಬವರು ಇಂಗ್ಲಿಷಿಗೆ ಸೇರಿದ ಭಾರತದ ಪದಗಳ ದೊಡ್ಡ ಕೋಶ ರಚಿಸಿದಾಗ ಅದಕ್ಕೆ ಇದೇ ಹೆಸರಿಟ್ಟರು. ಅದು 1886ರಲ್ಲಿ ಪ್ರಕಟವಾಯಿತು. ಬರ್ನೆಲ್ ಅದನ್ನು ಕಾಣಲಿಲ್ಲ, 1882ರಲ್ಲಿಯೇ ತೀರಿಕೊಂಡಿದ್ದರು. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವರು ಬರೆದ ಗ್ರಂಥ 1874ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಗಿತ್ತು.

ಇಂಥ ಪದಗಳು ಒಂದೆರಡಲ್ಲ. ಮೊದಲ ಮಹಾಯುದ್ಧದಲ್ಲಿ (1914-18) ಇಂಗ್ಲಿಷ್ ಸಿಪಾಯಿ ತನ್ನ ತಾಯ್ನಾಡನ್ನು 'ಬ್ಲೈಟಿ' ಎಂದು ನೆನೆಯುತ್ತಿದ್ದ. ಅದು ನಮ್ಮ 'ವಿಲಾಯತಿ'. ತನ್ನ ದೇಶಕ್ಕೇ ನಮ್ಮ ಪದ! ನಾಸಿಕದ ಹತ್ತಿರದ ದೇವಳಾಲಿ ದಂಡಿನಲ್ಲಿ ಊರಿಗೆ ಹೋಗುವ ಹಡಗಿಗಾಗಿ ಕಾದು ಕಾದು ಬೇಸತ್ತವರ ತಲೆ ಕೆಡುತ್ತಿತ್ತಂತೆ. ಹೀಗೆ ತಲೆಕೆಟ್ಟವನಿಗೆ ಇಂಗ್ಲಿಷಿನಲ್ಲಿ 'ಡೂಲ್ಯಾಲಿ' ಎಂಬ ಹೆಸರು ಬಿತ್ತು. ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮುಹಮ್ಮದ್ 1794ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಪ್ರಕಟಿಸಿದರು. ಭಾರತೀಯರೊಬ್ಬರ ಇಂಥ ಮೊದಲ ಪುಸ್ತಕವದು. ಮುಂದೆ ಬ್ರೈಟನ್ ಪಟ್ಟಣದಲ್ಲಿ ಸ್ನಾನಗೃಹ ತೆರೆದು 'ಶಾಂಪೂ' ಮಾಡುವುದರಲ್ಲಿ ಹೆಸರು ಗಳಿಸಿದರು. ಆಗ ಶಾಂಪೂ ಎಂದರೆ ಸಾಬೂನಿನ ನೊರೆಯಲ್ಲ, ಮೈ ಒತ್ತುವ 'ಚಂಪಿ'.

ಕೇಳಿದ್ದನ್ನು ತನ್ನ ನಾಲಿಗೆಗೆ ಹೊಂದಿಸಿಕೊಳ್ಳುವುದು ಇಂಗ್ಲಿಷರೊಬ್ಬರ ಚಾಳಿಯಲ್ಲ. ನಮ್ಮ ಊರನ್ನೇ ನೋಡಿ. ಕಲ್ಲು ನೆಲದ ಕಲಬುರಗಿ ಪಾರಸಿ ಬಲ್ಲವರ ಬಾಯಲ್ಲಿ ಹೂ-ಎಲೆಗಳ 'ಗುಲ್ಬರ್ಗಾ' ಆಯಿತೆಂದು ಹೇಳುತ್ತಾರೆ. 2014ರಲ್ಲಿ ಸರಕಾರದ ದಾಖಲೆಗಳಲ್ಲಿ ಅದು ಮತ್ತೆ ಕಲಬುರಗಿಯಾಯಿತು. ನಮ್ಮ ದಖನಿಯ 'ನಕ್ಕೋ' ಮರಾಠಿಯಿಂದ ಬಂದದ್ದು. ಅರಬ್ಬಿಯ ದಾರಿಯಿಂದ ಬಂದ ನಮ್ಮ 'ಕಂದೀಲು' ಮತ್ತು ಇಂಗ್ಲಿಷಿನ 'ಕ್ಯಾಂಡಲ್' ಎರಡರ ಬೇರೂ ಒಂದೇ ಲ್ಯಾಟಿನ್ ಪದದಲ್ಲಿದೆ.

ಈಗ 'ಇಸ್ಟೇಷನ್'ಗೆ ಬರೋಣ. ಪದದ ಮೊದಲಿಗೇ 'ಸ್ಟ', 'ಸ್ಕ' ಬಂದರೆ ಅನೇಕ ಭಾಷಿಕರ ನಾಲಿಗೆ ಮುಂದೊಂದು ಸ್ವರ ಸೇರಿಸಿಕೊಳ್ಳುತ್ತದೆ. ಲ್ಯಾಟಿನ್ನಿನ 'ಸ್ಕೋಲಾ' ಸ್ಪೇನಿನಲ್ಲಿ 'ಎಸ್ಕ್ವೇಲಾ' ಆಗಿದೆ. ಹಳೆಯ ಫ್ರೆಂಚರೂ ಹೀಗೆಯೇ ಮಾಡಿದರು. ಅವರಿಂದಲೇ ಇಂಗ್ಲಿಷಿಗೆ 'ಎಸ್ಟೇಟ್' ಬಂತು. 'ಸ್ಟೇಟ್', 'ಎಸ್ಟೇಟ್' ಎರಡೂ ಮೂಲದಲ್ಲಿ ಒಂದೇ ಪದ. ಫ್ರೆಂಚರು ಸೇರಿಸಿದ ಸ್ವರಕ್ಕೆ ಶಬ್ದಕೋಶದಲ್ಲಿ ಮರ್ಯಾದೆ, ಬ್ರಹ್ಮಪುರದ ಹುಡುಗ ಸೇರಿಸಿದ ಸ್ವರಕ್ಕೆ ನಗು! ಇದು ಯಾವ ನ್ಯಾಯ?

ವಿದ್ಯಾರ್ಥಿಗಳೇ, ಉಚ್ಚಾರ ಕಲಿಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೆ, ಸಂದರ್ಶನಕ್ಕೆ ಅದು ಬೇಕೇ ಬೇಕು. ದಿನವೂ ಗಟ್ಟಿಯಾಗಿ ಓದಿ ಕಲಿಯಿರಿ. ಆದರೆ ಕಲಿಯುವವನನ್ನು ಕಂಡು ನಗಬೇಡಿ. ಯಾರಾದರೂ ನಕ್ಕರೆ ಬಾಯಿ ಮುಚ್ಚಿ ಕೂಡಬೇಡಿ. ಇಂಗ್ಲಿಷಿನ ಮನೆಯಲ್ಲಿ ನಮ್ಮ ಹಿರಿಯರ ಮಾತೂ ಕುಳಿತಿದೆ. ಅಲ್ಲಿ ನಾವು ಅಂಜಿ ಹೊರಗೆ ನಿಲ್ಲಬೇಕಾಗಿಲ್ಲ.

ಇದನ್ನೆಲ್ಲ ತರಗತಿಯಲ್ಲಿ ಹೇಳಿ, ನಾನು ನಕ್ಕದ್ದು ತಪ್ಪೆಂದು ಆ ಹುಡುಗನ ಎದುರೇ ಒಪ್ಪಿಕೊಂಡೆ. ಅವನು ಎದ್ದು ನಿಂತು ಪುಸ್ತಕ ತೆರೆದ. ಈ ಸಲ ಯಾರೂ ನಗಲಿಲ್ಲ.