ಮನೆ ಕಂಪ್ಯೂಟರಿನ ಅಡ್ಮಿನ್ ಯಾರು?

ಮನೆಗೆ ಒಂದು ಕಂಪ್ಯೂಟರ್, ಅದರಲ್ಲಿ ಒಂದು ಖಾತೆ, ಆ ಖಾತೆಯ ಪಾಸ್‌ವರ್ಡ್ ಮನೆಮಂದಿಗೆಲ್ಲ ಗೊತ್ತು. ನಮ್ಮಲ್ಲಿ ಬಹಳಷ್ಟು ಮನೆಗಳ ವ್ಯವಸ್ಥೆ ಇಷ್ಟೇ. ಅಂಗಡಿಯವರು ವಿಂಡೋಸ್ ಹಾಕುವಾಗ ‘ಯೂಸರ್’ ಅಂತಲೋ ‘ಹೋಮ್’ ಅಂತಲೋ ಹೆಸರಿಟ್ಟು ಕೊಟ್ಟಿರುತ್ತಾರೆ. ಅಪ್ಪನ ಬ್ಯಾಂಕ್ ವ್ಯವಹಾರ, ತಂಗಿಯ ಸಿಇಟಿ ಅರ್ಜಿ, ಅಣ್ಣನ ಗೇಮು, ನಾಳೆಯ ಪ್ರತಿಭಟನೆಯ ಪೋಸ್ಟರು ಎಲ್ಲವೂ ಆ ಒಂದೇ ಹೆಸರಿನಡಿ ನಡೆಯುತ್ತವೆ. ಯಾವ ಫೈಲ್ ಯಾರು ತೆರೆದರು, ಯಾವ ಸೈಟಿಗೆ ಯಾರು ಹೋದರು ಎಂದು ಕೇಳಿದರೆ ಕಂಪ್ಯೂಟರಿನ ಬಳಿ ಇರುವ ಉತ್ತರ ಒಂದೇ: ‘ಹೋಮ್’.

“ಮನೆಯೊಳಗೆ ಮುಚ್ಚಿಡೋದೇನಿದೆ?” ಅನ್ನೋ ಪ್ರಶ್ನೆ ಇಲ್ಲಿ ಬಂದೇ ಬರುತ್ತೆ. ಅದನ್ನು ಕೇಳುವವರು ಸಾಮಾನ್ಯವಾಗಿ ಪಾಸ್‌ವರ್ಡ್ ಕೈಯಲ್ಲಿರುವವರೇ ಆಗಿರುತ್ತಾರೆ, ಗಮನಿಸಿ ನೋಡಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರದ ಎದುರು ಈ ಹಕ್ಕಿನ ಬಗ್ಗೆ ಜೋರಾಗಿ ಮಾತಾಡುವ ನಾವು, ಮನೆಯ ಹಾಲ್‌ನಲ್ಲಿ ಕೂತಿರುವ ಕಂಪ್ಯೂಟರಿನ ಮಾತು ಬಂದಾಗ ಸುಮ್ಮನಾಗಿಬಿಡುತ್ತೇವೆ.

ಮುಂದಿನ ವಿವರಗಳು ವಿಂಡೋಸ್ 11ಕ್ಕೆ ಸಂಬಂಧಿಸಿದ್ದು. 10ರಲ್ಲೂ ಹೆಚ್ಚುಕಮ್ಮಿ ಹೀಗೇ, ಬಟನ್‌ಗಳ ಜಾಗ ಸ್ವಲ್ಪ ಆಚೀಚೆ.

ಎರಡು ಬಗೆಯ ಖಾತೆ

ವಿಂಡೋಸ್‌ನಲ್ಲಿ ಖಾತೆಗಳು ಎರಡು ಬಗೆ: ಅಡ್ಮಿನಿಸ್ಟ್ರೇಟರ್ ಮತ್ತು ಸ್ಟ್ಯಾಂಡರ್ಡ್. ಕಂಪ್ಯೂಟರಿಗೆ ಮೊದಲು ಹಾಕಿದ ಖಾತೆ ತಾನಾಗಿಯೇ ಅಡ್ಮಿನ್ ಆಗುತ್ತೆ. ಅಡ್ಮಿನ್ ಆದವರು ಎಲ್ಲರಿಗೂ ಅನ್ವಯವಾಗುವಂತೆ ಸಾಫ್ಟ್‌ವೇರ್ ಹಾಕಬಹುದು, ತೆಗೆಯಬಹುದು, ಆಂಟಿವೈರಸ್ ಆಫ್ ಮಾಡಬಹುದು, ಬೇರೆಯವರ ಖಾತೆ ಅಳಿಸಬಹುದು. ಸ್ಟ್ಯಾಂಡರ್ಡ್ ಖಾತೆಯವರು ಬ್ರೌಸರ್, ನುಡಿ, ವರ್ಡ್, ಪ್ರಿಂಟರ್ ಎಲ್ಲ ಬಳಸಬಹುದು. ಇಡೀ ಕಂಪ್ಯೂಟರಿಗೆ ತಾಗುವ ಬದಲಾವಣೆ ಮಾಡಲು ಹೋದರೆ ಮಾತ್ರ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತೆ. ಅಡ್ಮಿನ್ ಖಾತೆಯಲ್ಲಿ ಇದೇ ಜಾಗದಲ್ಲಿ ಬರುವುದು ಬರೀ ‘ಯೆಸ್’, ‘ನೋ’ ಪ್ರಶ್ನೆ. ‘ಯೆಸ್’ ಒತ್ತುವುದು ನಮಗೆಲ್ಲ ಅಭ್ಯಾಸವಾಗಿ ಹೋಗಿದೆ.

ಅನೇಕರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಸ್ಟ್ಯಾಂಡರ್ಡ್ ಖಾತೆಯ ಇಬ್ಬರು ಒಬ್ಬರ ಡಾಕ್ಯುಮೆಂಟ್ಸ್ ಫೋಲ್ಡರನ್ನು ಇನ್ನೊಬ್ಬರು ತೆರೆಯಲಾರರು. ಆದರೆ ಅಡ್ಮಿನ್ ಸಿ ಡ್ರೈವ್‌ನ ‘ಯೂಸರ್ಸ್’ ಫೋಲ್ಡರಿಗೆ ಹೋಗಿ, ನಿಮ್ಮ ಹೆಸರಿನ ಮೇಲೆ ಕ್ಲಿಕ್ ಮಾಡಿ, ‘ಕಂಟಿನ್ಯೂ’ ಎಂದರೆ ಸಾಕು, ಒಳಗಿರುವುದೆಲ್ಲ ಕಾಣುತ್ತೆ. ನಿಮ್ಮದು ಲೋಕಲ್ ಖಾತೆಯಾಗಿದ್ದರೆ ನಿಮ್ಮ ಪಾಸ್‌ವರ್ಡನ್ನು ನಿಮಗೆ ಹೇಳದೇ ಬದಲಿಸಲೂಬಹುದು. ಹಾಗೆ ಬಲವಂತವಾಗಿ ಬದಲಿಸಿದರೆ ಬ್ರೌಸರಿನಲ್ಲಿ ಉಳಿಸಿಟ್ಟ ನಿಮ್ಮ ಪಾಸ್‌ವರ್ಡ್‌ಗಳು ಸಾಮಾನ್ಯವಾಗಿ ತೆರೆಯದಂತಾಗುತ್ತವೆ ಅನ್ನೋದಷ್ಟೇ ಸಮಾಧಾನ. ಹಾಗಾಗಿ ಖಾತೆ ಬೇರೆ ಮಾಡಿಕೊಂಡ ಮಾತ್ರಕ್ಕೆ ಗುಟ್ಟು ಉಳಿಯಿತು ಅಂದುಕೊಳ್ಳಬೇಡಿ. ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅನ್ನೋದು ಅದಕ್ಕಿಂತ ದೊಡ್ಡ ಪ್ರಶ್ನೆ.

ನಿಮ್ಮದು ಯಾವ ಬಗೆ ಅಂತ ನೋಡಲು ಸೆಟ್ಟಿಂಗ್ಸ್ ತೆರೆದು ‘ಅಕೌಂಟ್ಸ್’ಗೆ ಹೋಗಿ. ‘ಯುವರ್ ಇನ್ಫೋ’ ಎಂಬಲ್ಲಿ ಹೆಸರಿನ ಕೆಳಗೆ ‘ಅಡ್ಮಿನಿಸ್ಟ್ರೇಟರ್’ ಎಂದಿದ್ದರೆ ನೀವು ಅಡ್ಮಿನ್. ಹಾಗೇ ‘ಅದರ್ ಯೂಸರ್ಸ್’ ಕೂಡ ನೋಡಿ. ಸರ್ವಿಸ್ ಮಾಡಿದವರು ಬಿಟ್ಟುಹೋದ ಖಾತೆ, ಎರಡು ವರ್ಷದ ಹಿಂದೆ ರೂಮಿನಲ್ಲಿದ್ದ ಗೆಳೆಯನ ಖಾತೆ ಅಲ್ಲಿ ಇನ್ನೂ ಇರಬಹುದು.

ಮನೆಯಲ್ಲಿ ಹೇಗೆ ಹಂಚಿಕೊಳ್ಳೋದು

ಮಾಡಬೇಕಾದ್ದು ಕಷ್ಟದ್ದೇನಲ್ಲ. ‘ಅದರ್ ಯೂಸರ್ಸ್’ನಲ್ಲಿ ‘ಆಡ್ ಅಕೌಂಟ್’ ಒತ್ತಿ. ಮೈಕ್ರೋಸಾಫ್ಟ್ ತನ್ನ ಇಮೇಲ್ ಖಾತೆಯನ್ನೇ ಕೇಳುತ್ತೆ. ಅದು ಬೇಡವಾದರೆ ‘ಐ ಡೋಂಟ್ ಹ್ಯಾವ್ ದಿಸ್ ಪರ್ಸನ್ಸ್ ಸೈನ್ ಇನ್ ಇನ್ಫರ್ಮೇಶನ್’ ಒತ್ತಿ, ಮುಂದಿನ ಪುಟದಲ್ಲಿ ‘ಆಡ್ ಎ ಯೂಸರ್ ವಿದೌಟ್ ಎ ಮೈಕ್ರೋಸಾಫ್ಟ್ ಅಕೌಂಟ್’ ಆರಿಸಿ. ಹೀಗೆ ಹುಟ್ಟುವ ಖಾತೆ ತಾನಾಗಿಯೇ ಸ್ಟ್ಯಾಂಡರ್ಡ್ ಆಗಿರುತ್ತೆ. ಮನೆಯಲ್ಲಿ ಕಂಪ್ಯೂಟರ್ ಬಳಸುವ ಪ್ರತಿಯೊಬ್ಬರಿಗೂ ಇಂಥದ್ದೊಂದು ಮಾಡಿ. ಅಡ್ಮಿನ್ ಖಾತೆಯನ್ನು ಯಾರ ದಿನನಿತ್ಯದ ಬಳಕೆಗೂ ಕೊಡದೆ ಪ್ರತ್ಯೇಕವಾಗಿಡಿ. ಕಂಪ್ಯೂಟರ್ ಚೆನ್ನಾಗಿ ಗೊತ್ತಿರುವವರೂ ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಖಾತೆಯನ್ನೇ ಬಳಸಬೇಕು. ಗೊತ್ತಿರುವವರೇ ಹೆಚ್ಚು ಸಾಫ್ಟ್‌ವೇರ್ ಹಾಕಿ ತೆಗೆದು ಮಾಡೋದು.

ಇನ್ನು ಅಡ್ಮಿನ್ ಪಾಸ್‌ವರ್ಡ್ ಯಾರ ಬಳಿ? ನಮ್ಮ ಮನೆಗಳಲ್ಲಿ ಈ ಚರ್ಚೆಯೇ ನಡೆಯಲ್ಲ. ಅದು ದುಡ್ಡು ಕೊಟ್ಟವರದ್ದು ಅಥವಾ ಮನೆಯ ಗಂಡುಮಗನದ್ದು. ಅಪ್‌ಡೇಟ್ ನೋಡಿಕೊಳ್ಳುವ, ಕಂಡದ್ದಕ್ಕೆಲ್ಲ ‘ಯೆಸ್’ ಒತ್ತದ ಒಬ್ಬರ ಬಳಿ ಇರಲಿ. ಮರೆತರೆ ಗತಿಯೇನು ಅನ್ನೋದಕ್ಕೆ ಒಂದು ಪ್ರತಿಯನ್ನು ಮುಚ್ಚಿದ ಲಕೋಟೆಯಲ್ಲಿ ಬೀರುವಿನಲ್ಲಿಡಿ. ಲಕೋಟೆ ಒಡೆದರೆ ಎಲ್ಲರಿಗೂ ಗೊತ್ತಾಗುತ್ತೆ.

ಈ ಹಂಚಿಕೆ ಸಾಧ್ಯವೇ ಇಲ್ಲದ ಮನೆಗಳಿವೆ. ಗಂಡನೋ ಅಣ್ಣನೋ ಅಡ್ಮಿನ್ ಆಗಿದ್ದು, ಹೆಣ್ಣುಮಗಳ ಮೇಲೆ ಕಣ್ಣಿಡುತ್ತಿದ್ದರೆ ಸ್ಟ್ಯಾಂಡರ್ಡ್ ಖಾತೆ ಆಕೆಗೆ ಕಾವಲಾಗದು. ಅಡ್ಮಿನ್ ಆದವನು ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ದಾಖಲಿಸುವ ಸಾಫ್ಟ್‌ವೇರನ್ನೂ ಹಾಕಿಡಬಹುದು. ಅಂಥ ಕಂಪ್ಯೂಟರಿನಲ್ಲಿ ವಕೀಲರಿಗೆ, ಸಹಾಯವಾಣಿಗೆ, ಹೊಸ ಕೆಲಸಕ್ಕೆ ಬರೆಯಬಾರದು. ಆತನ ಕೈಗೆ ಸಿಗದ ಬೇರೆ ಸಾಧನದಿಂದ ಬರೆಯಬೇಕು. ಎಲ್ಲ ಪಾಸ್‌ವರ್ಡ್ ಒಂದೇ ರಾತ್ರಿ ಬದಲಿಸಿದರೆ ಆತನಿಗೆ ಸುಳಿವು ಸಿಗುತ್ತೆ, ಅಪಾಯ ಹೆಚ್ಚಾಗಲೂಬಹುದು. ಮೊದಲು ಸುರಕ್ಷಿತ ಸಾಧನದಲ್ಲಿ ಹೊಸ ಇಮೇಲ್ ಒಂದನ್ನು ಮಾಡಿಕೊಂಡು, ಅಲ್ಲಿಂದ ನಿಧಾನಕ್ಕೆ ಮುಂದುವರಿಯುವುದು ಮೇಲು.

ಮಕ್ಕಳ ವಿಷಯದಲ್ಲಿ ಮೈಕ್ರೋಸಾಫ್ಟಿನ ‘ಫ್ಯಾಮಿಲಿ’ ಸೌಲಭ್ಯವಿದೆ. ಎಷ್ಟು ಹೊತ್ತು ಕೂತರು, ಏನು ನೋಡಿದರು ಅನ್ನೋ ವರದಿ ಹೆತ್ತವರಿಗೆ ಹೋಗುತ್ತೆ. ಎಂಟು ವರ್ಷದ ಮಗುವಿಗೆ ಸರಿ. ಹದಿನೇಳರ ಹುಡುಗಿಗೆ ಹಾಕುವ ಮೊದಲು ಆಕೆಗೆ ಹೇಳಿ ಹಾಕಿ.

ಪಿನ್, ಬೆರಳು, ಮುಖ

ನಾಲ್ಕಂಕಿಯ ಪಿನ್ ಪಾಸ್‌ವರ್ಡಿಗಿಂತ ಸುರಕ್ಷಿತ ಎಂದು ಮೈಕ್ರೋಸಾಫ್ಟ್ ಹೇಳಿದಾಗ ಅನೇಕರು ನಕ್ಕರು. ಅದರಲ್ಲಿ ಒಂದು ಅರ್ಥವಿದೆ. ಪಾಸ್‌ವರ್ಡ್ ಕದ್ದವರು ಜಗತ್ತಿನ ಯಾವ ಮೂಲೆಯಿಂದ ಬೇಕಾದರೂ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ನುಗ್ಗಬಹುದು. ಪಿನ್ ಆ ಒಂದು ಕಂಪ್ಯೂಟರಿಗೆ ಮಾತ್ರ ಕಟ್ಟಿದ್ದು, ಸಾಮಾನ್ಯವಾಗಿ ಒಳಗಿನ ಟಿಪಿಎಂ ಎಂಬ ಚಿಪ್ ಅದನ್ನು ಕಾಯುತ್ತೆ, ಸಾಲುಸಾಲಾಗಿ ತಪ್ಪು ಒತ್ತಿದರೆ ತಡೆಯುತ್ತೆ. ದೂರದ ಕಳ್ಳರ ಮಟ್ಟಿಗೆ ಈ ಲೆಕ್ಕ ಸರಿ. ಆದರೆ ಮನೆಯಲ್ಲಿ ಪಕ್ಕದಲ್ಲೇ ಕೂತು ನಿಮ್ಮ ಬೆರಳು ನೋಡುವವರ ಕೈಗೆ ಆ ಕಂಪ್ಯೂಟರೂ ಸಿಗುತ್ತದಲ್ಲ! ಅವರ ಮುಂದೆ 1234, ಹುಟ್ಟಿದ ವರ್ಷ, ಗಾಡಿ ನಂಬರ್ ಯಾವುದೂ ನಿಲ್ಲಲ್ಲ. ಪಿನ್ ಬದಲಿಸುವ ಕಿಟಕಿಯಲ್ಲೇ ಅಕ್ಷರ ಮತ್ತು ಚಿಹ್ನೆ ಸೇರಿಸಲು ಒಂದು ಟಿಕ್ ಇದೆ, ಅದನ್ನು ಹಾಕಿ ಉದ್ದದ್ದೇ ಇಡಿ.

ಬೆರಳಚ್ಚು ಅನುಕೂಲವೇನೋ ಹೌದು, ಆದರೆ ನಿದ್ದೆಯಲ್ಲಿರುವವರ ಬೆರಳೂ ಬೆರಳೇ. ನಿಮ್ಮ ಪಿನ್ ಗೊತ್ತಿದ್ದ ಯಾರಾದರೂ ತಮ್ಮ ಬೆರಳನ್ನೂ ನಿಮ್ಮ ಖಾತೆಗೆ ಸೇರಿಸಿಟ್ಟಿರಬಹುದು. ನೀವು ಆಮೇಲೆ ಪಿನ್ ಬದಲಿಸಿದರೂ ಆ ಬೆರಳು ಕೆಲಸ ಮಾಡುತ್ತಲೇ ಇರುತ್ತೆ. ಹಾಗಾಗಿ ಪಿನ್ ಬದಲಿಸಿದಾಗ ‘ಸೈನ್ ಇನ್ ಆಪ್ಷನ್ಸ್’ನಲ್ಲಿ ಬೆರಳಚ್ಚನ್ನೂ ತೆಗೆದು ಹೊಸದಾಗಿ ಕೊಡಿ. ಮುಖ ಗುರುತಿಸುವ ಸೌಲಭ್ಯಕ್ಕೆ ಇನ್‌ಫ್ರಾರೆಡ್ ಕ್ಯಾಮೆರಾ ಬೇಕು, ಸಾಮಾನ್ಯ ವೆಬ್‌ಕ್ಯಾಮ್‌ನಲ್ಲಿ ಆಗಲ್ಲ.

ಲೋಕಲ್ ಖಾತೆ ಮಾಡುವಾಗ ಪಾಸ್‌ವರ್ಡ್ ಮರೆತರೆ ಇರಲಿ ಅಂತ ಮೂರು ಭದ್ರತಾ ಪ್ರಶ್ನೆ ಕೇಳುತ್ತೆ: ಹುಟ್ಟಿದ ಊರು, ಮೊದಲು ಸಾಕಿದ ಪ್ರಾಣಿಯ ಹೆಸರು, ಹೀಗೆ. ಇವುಗಳ ಉತ್ತರ ನಿಮ್ಮ ಚಿಕ್ಕಪ್ಪನ ಮಗನಿಗೂ ಗೊತ್ತು. ಸುಳ್ಳು ಉತ್ತರ ಕೊಡಿ. ಊರಿಗೆ ‘ಕೆಂಪು ಬಸ್ಸು 47’ ಅಂತ ಬರೆದರೂ ಅದು ಒಪ್ಪಿಕೊಳ್ಳುತ್ತೆ.

ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿದರೆ ಪರದೆ ಲಾಕ್ ಆಗುತ್ತೆ. ಇದು ಅಭ್ಯಾಸವಾಗದಿದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಒಂದೇ ವಿಂಡೋಸ್ ಖಾತೆಯೊಳಗೆ ಬೇರೆ ಬೇರೆ ಕ್ರೋಮ್ ಪ್ರೊಫೈಲ್ ಮಾಡಿಕೊಂಡು ನೆಮ್ಮದಿಯಾಗಿರುವವರೂ ಇದ್ದಾರೆ. ಒಂದು ಪ್ರೊಫೈಲಿನಿಂದ ಇನ್ನೊಂದಕ್ಕೆ ಹೋಗಲು ಪಾಸ್‌ವರ್ಡೇ ಬೇಡ. ವಾಟ್ಸಾಪ್ ವೆಬ್ ಬೇರೆ ತೆರೆದೇ ಇರುತ್ತೆ. ಫೋನಿನ ‘ಲಿಂಕ್ಡ್ ಡಿವೈಸಸ್’ ನೋಡಿ, ಗುರುತಿಲ್ಲದ್ದನ್ನು ಲಾಗೌಟ್ ಮಾಡಿ.

ಲಾಗಿನ್ ದಾಟಿ ಒಳಬರುವ ದಾರಿಗಳು

ಲಾಗಿನ್ ಪಾಸ್‌ವರ್ಡ್ ಎಷ್ಟೇ ಗಟ್ಟಿ ಇದ್ದರೂ, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಫೈಲುಗಳು ಸಲೀಸಾಗಿ ತೆರೆಯುತ್ತವೆ. ಇದನ್ನು ತಡೆಯುವುದು ಎನ್‌ಕ್ರಿಪ್ಶನ್ ಮಾತ್ರ. ವಿಂಡೋಸ್ ಹೋಮ್‌ನಲ್ಲಿ ಅದರ ಹೆಸರು ‘ಡಿವೈಸ್ ಎನ್‌ಕ್ರಿಪ್ಶನ್’, ಪ್ರೊನಲ್ಲಿ ‘ಬಿಟ್‌ಲಾಕರ್’. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದರೆ ಅದು ನಿಮ್ಮನ್ನು ಕೇಳದೆಯೇ ಆನ್ ಆಗಿರುತ್ತೆ. ಇದಕ್ಕೆ 48 ಅಂಕಿಯ ರಿಕವರಿ ಕೀ ಒಂದಿದೆ. ರಿಪೇರಿಯಲ್ಲಿ ಮದರ್‌ಬೋರ್ಡ್ ಬದಲಾದರೆ ಕಂಪ್ಯೂಟರ್ ಆ ಕೀ ಕೇಳುತ್ತೆ, ಇಲ್ಲದಿದ್ದರೆ ಎಲ್ಲ ಫೈಲೂ ಹೋದಂತೆಯೇ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತೆ. ಇವತ್ತೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಕೀ ಕಂಪನಿಯ ಸರ್ವರಿನಲ್ಲಿದೆ ಅಂದರೆ, ಕಾನೂನಿನ ಆದೇಶ ಬಂದರೆ ಕಂಪನಿ ಅದನ್ನು ಕೊಡಬಲ್ಲದು ಎಂಬುದೂ ನೆನಪಿರಲಿ.

ಇನ್ನೊಂದು ದಾರಿ ಇಮೇಲಿನದ್ದು. ಭೀಮಾ ಕೋರೆಗಾಂವ್ ಪ್ರಕರಣದ ಆರೋಪಿ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪನ್ನು ಅವರ ವಕೀಲರ ಕೋರಿಕೆಯಂತೆ ಪರೀಕ್ಷಿಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆಯ ವರದಿ 2021ರಲ್ಲಿ ಹೊರಬಂತು. 2016ರಲ್ಲಿ ಬಂದ ಇಮೇಲಿನ ಫೈಲೊಂದನ್ನು ತೆರೆದಾಗ ನೆಟ್‌ವೈರ್ ಎಂಬ ಕುತಂತ್ರಾಂಶ ಒಳಸೇರಿತು, ಸುಮಾರು 22 ತಿಂಗಳು ಲ್ಯಾಪ್‌ಟಾಪ್ ಬೇರೆಯವರ ಹಿಡಿತದಲ್ಲಿತ್ತು, ಸಾಕ್ಷ್ಯ ಎನ್ನಲಾದ ಪತ್ರಗಳನ್ನು ಮರೆಮಾಡಿದ ಫೋಲ್ಡರಿನಲ್ಲಿ ಇಡಲಾಯಿತು ಅನ್ನೋದು ವರದಿಯ ಸಾರ. ಎನ್‌ಐಎ ಇದನ್ನು ಒಪ್ಪಿಲ್ಲ. 2018ರ ಜೂನ್‌ನಲ್ಲಿ ಬಂಧನವಾದ ವಿಲ್ಸನ್ ಅವರಿಗೆ ಜಾಮೀನು ಸಿಕ್ಕಿದ್ದು 2025ರ ಜನವರಿಯಲ್ಲಿ. ಸ್ಟ್ಯಾಂಡರ್ಡ್ ಖಾತೆ ಇಂಥ ದಾಳಿಯನ್ನು ಪೂರ್ತಿ ತಡೆಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಖಾತೆಯ ಫೈಲುಗಳು ಆಗಲೂ ಕೈತಪ್ಪುತ್ತವೆ. ಆದರೆ ಹಾನಿ ಮನೆಯ ಎಲ್ಲರ ಖಾತೆಗೂ ಹರಡದಂತೆ, ಆಂಟಿವೈರಸ್ ಸುಲಭಕ್ಕೆ ಆಫ್ ಆಗದಂತೆ ಅದು ನೋಡಿಕೊಳ್ಳುತ್ತೆ. ಪೊಲೀಸರು ಕಂಪ್ಯೂಟರ್ ಒಯ್ದರೆ, ನಿಮ್ಮ ಫೈಲ್ ಯಾವುದು, ನಿಮ್ಮ ತಮ್ಮನದ್ದು ಯಾವುದು ಅಂತ ಹೇಳಲು ಒಂದು ಆಧಾರವಾದರೂ ಇರುತ್ತೆ. ‘ಹೋಮ್’ ಖಾತೆಯಲ್ಲಿ ಆ ಆಧಾರವೂ ಇಲ್ಲ.

ಪಾಸ್‌ವರ್ಡ್ ಹೇಳು ಅಂತ ಪೊಲೀಸರು ಕೇಳಬಹುದೇ? ವೀರೇಂದ್ರ ಖನ್ನಾ ಪ್ರಕರಣದಲ್ಲಿ 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದಿತು. ಆದರೆ ಒಪ್ಪದಿದ್ದಾಗ ಪೊಲೀಸರು ಕೋರ್ಟಿನ ಮೊರೆ ಹೋಗಬೇಕು ಎಂದೂ ಹೇಳಿತು. 2022ರಲ್ಲಿ ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ ಆರೋಪಿಯನ್ನು ಒತ್ತಾಯಿಸಲಾಗದು ಎಂದಿತು. ಹೀಗಾಗಿ ಠಾಣೆಯಲ್ಲಿ ಕೇಳಿದಾಕ್ಷಣ ಪಿನ್ ಹೇಳುವ ಬದಲು ವಕೀಲರನ್ನು ಕೇಳುವುದು ನಿಮ್ಮ ಹಕ್ಕು. ಹಾಗೇ, ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಐಟಿ ಕಾಯ್ದೆಯ 66ಸಿ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಮನೆಯವರಿಗೆ ಇದರಲ್ಲಿ ವಿನಾಯಿತಿಯೇನೂ ಇಲ್ಲ.

ರಿಪೇರಿಗೆ, ಮಾರಾಟಕ್ಕೆ ಕೊಡುವಾಗ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಹಳೇ ಕಂಪ್ಯೂಟರುಗಳು ಕೈ ಬದಲಾಗುವುದು ಹೆಚ್ಚು. ಖಾತೆಯೊಂದನ್ನು ತೆಗೆಯುವಾಗ ‘ಡಿಲೀಟ್ ಅಕೌಂಟ್ ಆಂಡ್ ಡೇಟಾ’ ಅನ್ನೋದರ ಅರ್ಥ ಅಕ್ಷರಶಃ ಅದೇ: ಆ ಖಾತೆಯ ಡೆಸ್ಕ್‌ಟಾಪ್, ಫೋಟೋ, ಡಾಕ್ಯುಮೆಂಟ್ ಎಲ್ಲ ಹೋಗುತ್ತವೆ, ರಿಸೈಕಲ್ ಬಿನ್‌ಗೂ ಬರಲ್ಲ. ಬೇಕಾದ್ದನ್ನು ಮೊದಲೇ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಮಾರುವುದಾದರೆ ‘ರೀಸೆಟ್ ದಿಸ್ ಪಿಸಿ’ಯಲ್ಲಿ ‘ರಿಮೂವ್ ಎವೆರಿಥಿಂಗ್’ ಆರಿಸಿ, ‘ಚೇಂಜ್ ಸೆಟ್ಟಿಂಗ್ಸ್’ ಒಳಗೆ ‘ಕ್ಲೀನ್ ಡೇಟಾ’ ಆನ್ ಮಾಡಿ. ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು, ಚಾರ್ಜರ್ ಸಿಕ್ಕಿಸಿಯೇ ಇಡಿ.

ರಿಪೇರಿ ಅಂಗಡಿಯಲ್ಲಿ ಪಾಸ್‌ವರ್ಡ್ ಕೇಳೋದು ಮಾಮೂಲು. ಪರದೆ, ಕೀಬೋರ್ಡ್, ಬ್ಯಾಟರಿ ಬದಲಿಸಲು ಅದು ಬೇಕಾಗಿಯೇ ಇಲ್ಲ. ಪರೀಕ್ಷೆ ಮಾಡಬೇಕು ಅಂದರೆ ‘ರಿಪೇರಿ’ ಅಂತ ಒಂದು ಸ್ಟ್ಯಾಂಡರ್ಡ್ ಖಾತೆ ಮಾಡಿ, ಅದರ ಪಾಸ್‌ವರ್ಡ್ ಮಾತ್ರ ಚೀಟಿಯಲ್ಲಿ ಬರೆದುಕೊಡಿ. ಲ್ಯಾಪ್‌ಟಾಪ್ ವಾಪಸ್ ಬಂದ ದಿನ ಆ ಖಾತೆ ಅಳಿಸಿ, ‘ಅದರ್ ಯೂಸರ್ಸ್’ ಪಟ್ಟಿಯನ್ನು ಇನ್ನೊಮ್ಮೆ ನೋಡಿ.