ಮಹಾವೀರಾಚಾರ್ಯನ ಕಂಠಾಭರಣ ಸಂಖ್ಯೆಗಳೂ ಅವಿಭಾಜ್ಯತೆಯ ಪ್ರಶ್ನೆಯೂ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಜೈನ ಪಂಡಿತನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಮದರಾಸಿನಿಂದ ಪ್ರಕಟಿಸಿದರು. ಕನ್ನಡ ಲಿಪಿಯ ಹಸ್ತಪ್ರತಿಗಳೂ ಅವರಿಗೆ ನೆರವಾದುವು. ಈ ಗ್ರಂಥದ ಗುಣಾಕಾರ ಪ್ರಕರಣದಲ್ಲಿ ಕೆಲವು ವಿಲಕ್ಷಣವಾದ ಲೆಕ್ಕಗಳುಂಟು. ಅವುಗಳ ಗುಣಲಬ್ಧವನ್ನು ಆಚಾರ್ಯನು ಕೊರಳ ಹಾರಕ್ಕೆ ಹೋಲಿಸುತ್ತಾನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅವು ಒಂದೇ. 142857143ನ್ನು 7ರಿಂದ ಗುಣಿಸಿದರೆ 1000000001. 37037037ನ್ನು 3ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಮಾಲೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಮಾಲೆ.

ಇವನ್ನು ಬರಿಯ ವಿನೋದವೆಂದು ಬದಿಗಿಡಬಹುದು. ಅಭಿಮಾನಪರವಶರಾಗಿ ಇವುಗಳಲ್ಲಿ ಅವಿಭಾಜ್ಯ ಸಂಖ್ಯೆಗಳ ಸಿದ್ಧಾಂತವನ್ನೇ ಕಾಣಲೂಬಹುದು. ಎರಡೂ ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ.

ಮೂರನೆಯ ಲೆಕ್ಕವನ್ನೇ ಪರಿಶೀಲಿಸೋಣ. 11111111 ಎಂಬುದು 1111 ಮತ್ತು 10001ರ ಗುಣಲಬ್ಧ. ಒಂದುಗಳ ಎಣಿಕೆಯು ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಮಾಲೆಯೂ ಹೀಗೆಯೇ ಒಡೆಯುವುದು. 11, 101 ಎಂಬ ಅಪವರ್ತನಗಳು ನೋಟಕ್ಕೇ ದೊರೆಯುತ್ತವೆ. ಆದರೆ 10001ರ ಅಪವರ್ತನಗಳು 73 ಮತ್ತು 137 ಮಾತ್ರ. ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋದವನು ಇಪ್ಪತ್ತು ಬಾರಿ ಸೋತು, ಇಪ್ಪತ್ತೊಂದನೆಯ ಬಾರಿಗೆ 73ನ್ನು ಮುಟ್ಟುತ್ತಾನೆ. ಸುಮ್ಮನೆ ಯಾವುದೋ ಎರಡು ಸಂಖ್ಯೆಗಳನ್ನು ಗುಣಿಸಿದವನಿಗೆ ಇಂಥ ಹಾರ ಒದಗುವುದು ಅಸಂಭವ. ಆದುದರಿಂದ ಗುಣಾಕಾರವೆಂದು ಒಡ್ಡಿದ ಈ ಲೆಕ್ಕವು ಭಾಗಾಕಾರದಿಂದ ಹುಟ್ಟಿರಬೇಕು: ಮೊದಲು ಹಾರ, ಆಮೇಲೆ ಅದರ ಭಾಜಕ. ಈ ಶ್ರಮವು ಆಚಾರ್ಯನದೋ ಆತನ ಪೂರ್ವಸೂರಿಗಳದೋ, ಯಾರದಾದರೂ ಅದು ಗಣ್ಯವಾದುದೇ.

ಆದರೆ ಭಾಜಕವನ್ನು ಹುಡುಕುವುದು ಒಂದು, ಭಾಜಕವೇ ಇಲ್ಲವೆಂದು ಸಾಧಿಸುವುದು ಮತ್ತೊಂದು. 37037037ರೊಳಗೆ 3 ಮತ್ತು 37ರ ಜೊತೆಗೆ 333667 ಎಂಬ ದೊಡ್ಡ ಅವಿಭಾಜ್ಯವೊಂದು ಅಡಗಿದೆ. ಅದು ಅವಿಭಾಜ್ಯವೆಂದು ಭಾಗಾಕಾರದಿಂದಲೇ ತೋರಿಸಬೇಕಾದರೆ 577ರವರೆಗಿನ 106 ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕು. ಹಾರದ ಲೆಕ್ಕಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಅಪವರ್ತನಗಳನ್ನು ಕಾಣುವ ವಿಧಾನವನ್ನು ಕ್ರಮವಾಗಿ ನಿರೂಪಿಸಿದ ನಾರಾಯಣ ಪಂಡಿತನ ‘ಗಣಿತಕೌಮುದಿ’ 1356ರದು, ಅಂದರೆ ಐದು ಶತಮಾನಗಳಷ್ಟು ಈಚಿನದು.

ಒಂದುಗಳ ಮಾಲೆಯು ಅವಿಭಾಜ್ಯವಾಗಬೇಕಾದರೆ ಒಂದುಗಳ ಎಣಿಕೆಯೂ ಅವಿಭಾಜ್ಯವಾಗಿರಬೇಕು. ಅಷ್ಟೇ ಸಾಲದು: 111 ಎಂಬುದು 3 ಮತ್ತು 37ರ, 1111111 ಎಂಬುದು 239 ಮತ್ತು 4649ರ ಗುಣಲಬ್ಧ. 11ನ್ನು ಬಿಟ್ಟರೆ ಮುಂದಿನ ಅವಿಭಾಜ್ಯ ಮಾಲೆ 19 ಒಂದುಗಳದು, ಅನಂತರದ್ದು 23 ಒಂದುಗಳದು. ಇವೆರಡನ್ನೂ ಸಾಧಿಸಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. 1031 ಒಂದುಗಳ ಮಾಲೆಯು ಅವಿಭಾಜ್ಯವೆಂದು ವಿಲಿಯಮ್ಸ್ ಮತ್ತು ಡಬ್ನರ್ ಎಂಬವರು 1986ರಲ್ಲಿ ಗಣಕಯಂತ್ರದ ನೆರವಿನಿಂದ ಸಾಧಿಸಿದರು.

ಮಹಾವೀರಾಚಾರ್ಯನು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. 19 ಒಂದುಗಳ ಸಂಖ್ಯೆಯನ್ನೂ 23 ಒಂದುಗಳ ಸಂಖ್ಯೆಯನ್ನೂ ಆತನ ಪರಿಭಾಷೆಯಲ್ಲಿಯೇ ಪೂರ್ಣವಾಗಿ ಓದಬಹುದು; ಎರಡನೆಯದರ ಮೇಲೆ ಇನ್ನೂ ಒಂದು ಸ್ಥಾನ ಉಳಿಯುತ್ತದೆ.